ಗೆಣಸಿನ ಹೊಲದಲ್ಲಿ ಕೂಲಿಯ ಲಕೋಟೆ

ಹೊಸ ರೈತರಂತೆ! ನಮ್ಮ ಚರ್ಚಿನ ಊಟದ ಹಾಲ್ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಹಾಗೆಯೇ ಬರೆದಿತ್ತು. ಕಪ್ಪು ಜನ, ಕಂದು ಜನ, ಇವರಲ್ಲಿ ಹೊಸದಾಗಿ ಬೇಸಾಯಕ್ಕೆ ಇಳಿಯುವವರಿಗೆ ಕೃಷಿ ವ್ಯವಹಾರದ ತರಬೇತಿ, ಪ್ರತಿ ಬುಧವಾರ ಸಂಜೆ. ಓದಿ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನನ್ನ ಮುತ್ತಜ್ಜನ ಅಪ್ಪನನ್ನು ಅಮೆರಿಕದ ಈ ಅಲಬಾಮಾಕ್ಕೆ ಹಿಡಿದು ತಂದದ್ದೇ ಬೇಸಾಯ ಮಾಡಿಸಲಿಕ್ಕೆ, ಅದೂ ಕಾಲಿಗೆ ಸರಪಳಿ ಬಿಗಿದು. ಅಂದಿನಿಂದ ಇಂದಿನವರೆಗೆ ನಮ್ಮ ಮನೆತನದ ಉಗುರಿನ ಸಂದಿಯಿಂದ ಮಣ್ಣು ಹೋಗಿಲ್ಲ. ಈಗ ನಾವು ಹೊಸಬರು. ಪಾಠ ಹೇಳಲು ರಾಜಧಾನಿಯಿಂದ ಒಬ್ಬ ಹುಡುಗ ಬರುತ್ತಾನೆ.

ನನಗೆ ಕೋಪ ಬೇಗ ಬರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಸುಳ್ಳು. ಬಂದ ಕೋಪ ಬೇಗ ಹೋಗುವುದಿಲ್ಲ, ಅಷ್ಟೆ.

ತರಬೇತಿಗೆ ಸೇರಿದ್ದು ನಾನಲ್ಲ, ನನ್ನ ತಮ್ಮನ ಮಗಳು ಟಮೇರಾ. ಅವಳು ಬೆಳೆದದ್ದು ಪೇಟೆಯಲ್ಲಿ, ಅವಳಮ್ಮನ ಜೊತೆ. ದೊಡ್ಡವಳಾದ ಮೇಲೆ ಹೆದ್ದಾರಿ ಪಕ್ಕದ ಕೋಳಿ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿ ಹಿಮದಂಥ ಚಳಿಯಲ್ಲಿ ನಿಂತು, ಸರಪಳಿಯಲ್ಲಿ ತೂಗಾಡುತ್ತ ಬರುವ ಕೋಳಿಗಳ ರೆಕ್ಕೆ ಕತ್ತರಿಸಬೇಕು. ಬಚ್ಚಲಿಗೆ ಹೋಗಲು ಕೈ ಎತ್ತಿ ಅಪ್ಪಣೆ ಕೇಳಬೇಕು. ಹೆಚ್ಚು ಹೊತ್ತು ದುಡಿಸಿಕೊಂಡು ಅದರ ಸಂಬಳವನ್ನು ನುಂಗಿಹಾಕುತ್ತಿದ್ದರು. ಮೂವತ್ತು ದಾಟುವಷ್ಟರಲ್ಲಿ ಅವಳ ಬಲಗೈ ಬೆರಳುಗಳು ಬೆಳಿಗ್ಗೆ ಎದ್ದಾಗ ಮಡಚಿಕೊಂಡೇ ಇರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿಕೊಳ್ಳಬೇಕಾಗಿತ್ತು. ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ನನ್ನ ಅಂಗಳದಲ್ಲಿ ಬಂದು ನಿಂತಳು.

“ಅತ್ತೆ, ನಿನ್ನ ದಿಬ್ಬದ ಹೊಲ ಪಾಳು ಬಿದ್ದಿದೆಯಲ್ಲ, ನಂಗೆ ಕೊಡು. ಗೆಣಸು ಹಾಕ್ತೀನಿ. ಒಂದು ಬೆಳೆ ಕೈಗೆ ಬಂದ್ರೆ ಸಾಕು, ಆ ಕೋಳಿ ನರಕದ ಕಡೆ ತಲೆ ಹಾಕಿ ಮಲಗಲ್ಲ.”

“ಬರದೆ ಹೋದ್ರೆ?”

“ಬರದೆ ಹೋದ್ರೆ ಇನ್ನೇನು, ಜನವರಿಗೆ ಮತ್ತೆ ಕೋಳಿ ರೆಕ್ಕೆ,” ಎಂದಳು. ನಗುತ್ತಲೇ ಹೇಳಿದಳು, ಕಣ್ಣು ನಗಲಿಲ್ಲ.

ಹೊಲ ಕೊಟ್ಟೆ. ಬೇಸಿಗೆಯ ಮೊದಲಲ್ಲಿ ಬಳ್ಳಿ ನೆಟ್ಟಳು, ಕಳೆ ತೆಗೆದಳು, ಜಿಂಕೆ ಓಡಿಸಿದಳು. ಪೇಟೆಯ ಶಾಲೆಗಳಿಗೆ ಊಟ ಒದಗಿಸುವವರು ಗೆಣಸು ಕೊಳ್ಳುತ್ತೇವೆ ಎಂದೂ ಒಪ್ಪಿದರು, ಆದರೆ ತರಬೇತಿ ಮುಗಿಸಿದವರಿಂದ ಮಾತ್ರವಂತೆ. ಹೀಗಾಗಿ ಬುಧವಾರದ ಪಾಠ ತಪ್ಪುವಂತಿರಲಿಲ್ಲ.

ಹುಡುಗನ ಹೆಸರು ಗ್ರೇಡನ್. ಬಿಳಿಯ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮನ್ನೆಲ್ಲ ಮಿಸ್, ಮಿಸ್ಟರ್ ಎಂದು ಮರ್ಯಾದೆಯಿಂದ ಕರೆಯುತ್ತಿದ್ದ, ಪಕ್ಕದ ಹೊಲದ ಕ್ಲೀಟಸನ ಹೆಂಡತಿ ಪರ್ಲೀನ್ ಮಾಡಿದ ಗೆಣಸಿನ ಕಡುಬನ್ನು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ನಾನು ಟಮೇರಾ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಅಲಸಂದೆ ಸುಲಿಯುತ್ತ ಕೂರುತ್ತಿದ್ದೆ. ಗೊಬ್ಬರದ ಲೆಕ್ಕ, ಡೀಸೆಲ್ಲಿನ ಲೆಕ್ಕ ಹೇಳುವವರೆಗೆ ನನ್ನದೇನೂ ತಕರಾರಿರಲಿಲ್ಲ. ಒಂದು ಬುಧವಾರ ಆಳಿನ ಲೆಕ್ಕಕ್ಕೆ ಬಂದ.

“ಗೆಣಸು ಅಗೆಯೋಕೆ ಎಷ್ಟು ಜನ ಬೇಕು, ಟಮೇರಾ?” ಎಂದು ಕೇಳಿದ.

“ಹತ್ತು ಹನ್ನೆರಡು ಜನ ಬರ್ತಾರೆ.”

“ಅವರಿಗೆ ಕೂಲಿ?”

“ಕೂಲಿ ಇಲ್ಲ. ಅಕ್ಕಪಕ್ಕದವರು, ಸುಮ್ನೆ ಬರ್ತಾರೆ.”

ಗ್ರೇಡನ್ ಸೀಮೆಸುಣ್ಣ ಕೆಳಗಿಟ್ಟ. “ಸುಮ್ಮನೆ ಯಾರೂ ಬರೋದಿಲ್ಲ. ಬೆಲೆ ಕಟ್ಟದ ಕೆಲಸವನ್ನು ನಂಬಿ ವ್ಯವಹಾರ ಮಾಡೋಕಾಗಲ್ಲ. ಅವರು ಒಂದು ವರ್ಷ ಬರದಿದ್ದರೆ? ಇನ್ನೊಂದು ಮಾತು. ಬೇರೆಯವರ ಬೆವರನ್ನು ಪುಕ್ಕಟೆ ತಗೊಳ್ಳೋದು, ಕ್ಷಮಿಸಿ, ಅದು ಸರಿಯೇ? ಅದೂ ಈ ನಾಡಲ್ಲಿ?”

ಆ ಕೊನೆಯ ಮಾತು ಇತ್ತಲ್ಲ, ಅದು ಟಮೇರಾಳ ಎದೆಗೆ ನಾಟಿತು. ಅವಳು ಮಡಚಿದ ಬೆರಳುಗಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುವುದನ್ನು ನಾನು ಹಿಂದಿನಿಂದ ನೋಡಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಇವನ ಅಜ್ಜಂದಿರು ನಮ್ಮ ಅಜ್ಜಂದಿರ ಬೆವರನ್ನು ಪುಕ್ಕಟೆ ಕುಡಿದರು, ಈಗ ಇವನು ಬಂದು ನಮಗೆ ಬೆವರಿನ ಬೆಲೆ ಹೇಳಿಕೊಡುತ್ತಾನೆ!

ಮನೆಗೆ ಹೋಗುವಾಗ ಗಾಡಿಯಲ್ಲಿ ಜಗಳ ತೆಗೆದೆ.

“ಅದು ಪುಕ್ಕಟೆ ಅಲ್ಲ ಕಣೆ. ಅದು ಮುಯ್ಯಾಳು. ಇವತ್ತು ಅವರು ನಿನ್ನ ಗೆಣಸಿಗೆ ಬರ್ತಾರೆ, ನಾಳೆ ನೀನು ಅವರ ಕಬ್ಬಿಗೆ ಹೋಗ್ತೀಯ, ನಾಡಿದ್ದು ಎಲ್ಲಾ ಸೇರಿ ಇನ್ಯಾರದೋ ಮನೆ ಹಂದಿ ಕುಯ್ಯೋಕೆ ಹೋಗ್ತೀವಿ. ಕೈಗೆ ಕೈ.”

“ಗೊತ್ತು ಅತ್ತೆ. ಆದ್ರೆ ಕ್ಲೀಟಸ್ ಮಾಮನಿಗೆ ಎಪ್ಪತ್ತು ದಾಟಿದೆ. ಅವರು ನನ್ನ ಹೊಲದಲ್ಲಿ ಬಗ್ಗಿ ಬಗ್ಗಿ ಎದ್ದರೆ ನಾನು ‘ಥ್ಯಾಂಕ್ಸ್’ ಅಂತ ಕೈ ಒರೆಸಿಕೊಳ್ಳೋದಾ? ಕಾರ್ಖಾನೇಲಿ ನಂಗೆ ಹಾಗೇ ಮಾಡ್ತಿದ್ರು.”

“ಕಾರ್ಖಾನೆಯೂ ಕ್ಲೀಟಸೂ ಒಂದೇನೆ?”

“ಬೆನ್ನುನೋವು ಒಂದೇ,” ಎಂದಳು.

ಮಾತಿಗೆ ಮಾತು ಕೊಡುವುದರಲ್ಲಿ ಥೇಟ್ ನನ್ನ ತಮ್ಮನೇ. ನಾನು ಕಿಟಕಿ ಇಳಿಸಿ ಹೊರಗೆ ನೋಡುತ್ತ ಕೂತೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ನವೆಂಬರ್ ಮೊದಲ ವಾರ, ಸೋಮವಾರ, ಗೆಣಸು ಅಗೆಯುವುದಕ್ಕೆ ಶುರುಮಾಡಿದೆವು. ಯಾರಿಗೂ ಹೇಳಿಕಳಿಸಿರಲಿಲ್ಲ. ನಮ್ಮಲ್ಲಿ ಹೇಳಿಕಳಿಸುವುದಿಲ್ಲ. ಬಳ್ಳಿ ಕುಯ್ದು ದಿಬ್ಬದ ಅಂಚಿಗೆ ಎಳೆದು ಹಾಕಿದ್ದು ರಸ್ತೆಗೆ ಕಾಣುತ್ತದೆ, ಕಂಡವರು ಬರುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಅಂಗಳದ ತುಂಬ ಹಳೆಯ ಗಾಡಿಗಳು. ಕ್ಲೀಟಸ್ ತನ್ನದೇ ಟ್ರ್ಯಾಕ್ಟರ್ ತಂದಿದ್ದ. ಅವನು ಸಾಲು ಒಡೆಯುತ್ತ ಮುಂದೆ ಹೋದಂತೆ ಹಿಂದೆ ಮಣ್ಣಿನಿಂದ ಕೆಂಪು ಗೆಣಸು ಹೊರಳಿ ಬೀಳುತ್ತಿತ್ತು. ಉಳಿದವರು ಬಗ್ಗಿ, ಎಳೆಗೂಸನ್ನು ಎತ್ತುವಂತೆ ಎತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹೊಸ ಗೆಣಸಿನ ಸಿಪ್ಪೆ ಉಗುರು ತಾಗಿದರೂ ಸುಲಿಯುತ್ತದೆ, ಸುಲಿದದ್ದು ಕೊಳೆಯುತ್ತದೆ.

ಮಾತು, ನಗು, ಒಬ್ಬರ ಕಾಲು ಒಬ್ಬರು ಎಳೆಯುವುದು ಎಲ್ಲ ಇತ್ತು.

“ಏನ್ ಮಾಮ, ಸಾಲು ಡೊಂಕಾಯ್ತು!” ಎಂದು ಟಮೇರಾ ಕೂಗಿದಳು.

“ನಿನ್ನ ಹೊಲವೇ ಡೊಂಕು ಕಣಮ್ಮ. ನಿಮ್ಮತ್ತೆ ಬಾಯಿ ಒಂದೇ ಇಲ್ಲಿ ನೆಟ್ಟಗಿರೋದು, ಬಾಣದ ಹಾಗೆ!” ಎಂದು ಕ್ಲೀಟಸ್ ಕೂಗಿದ.

ನಾನು ಒಲೆಯ ಮುಂದಿದ್ದೆ. ಹಂದಿಮೂಳೆ ಹಾಕಿ ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ರೊಟ್ಟಿ, ಹುರಿದ ಮೀನು. ಹೊತ್ತು ಇಳಿಯುವಷ್ಟರಲ್ಲಿ ಅರ್ಧ ಹೊಲ ಮುಗಿದಿತ್ತು. ಇನ್ನೊಂದು ದಿನ ಹೀಗೇ ದುಡಿದರೆ ಎಲ್ಲ ಗೆಣಸೂ ಬೆಚ್ಚನೆ ಶೆಡ್ಡಿನೊಳಗೆ ಸೇರುತ್ತಿತ್ತು. ಉದ್ದ ಮೇಜಿನ ಮೇಲೆ ತಟ್ಟೆ ಜೋಡಿಸಿ ಕೈತೊಳೆಯುವ ನೀರಿಟ್ಟು ಕರೆಯಲು ಹೊರಗೆ ಬಂದೆ.

ಟಮೇರಾ ಕಂದು ಲಕೋಟೆಗಳನ್ನು ಹಂಚುತ್ತಿದ್ದಳು.

ಒಂದೊಂದರ ಮೇಲೂ ಹೆಸರು, ಮುದ್ದಾದ ಅಕ್ಷರದಲ್ಲಿ. ಕಾರ್ಖಾನೆಯಲ್ಲಿ ದುಡಿದು ಉಳಿಸಿದ್ದ ಕೊನೆಯ ಹಣವನ್ನೆಲ್ಲ ಅದರೊಳಗೆ ಹಾಕಿದ್ದಳು. ಮುಖ ಅರಳಿತ್ತು. ಹಬ್ಬದ ದಿನ ಮಕ್ಕಳಿಗೆ ಮಿಠಾಯಿ ಕೊಡುವವರ ಮುಖ ಹಾಗಿರುತ್ತದೆ.

ಕ್ಲೀಟಸ್ ಲಕೋಟೆಯನ್ನು ತಿರುಗಿಸಿ ನೋಡಿದ. “ಇದೇನಮ್ಮಾ?”

“ಕೂಲಿ, ಮಾಮ. ಇವತ್ತಿಂದು. ಪೂರ್ತಿ ಇದೆ, ಎಣಿಸ್ಕೊಳ್ಳಿ ಬೇಕಾದ್ರೆ.”

ಕ್ಲೀಟಸ್ ಟೋಪಿ ತೆಗೆದು ಹಣೆ ಒರೆಸಿಕೊಂಡ, ಮತ್ತೆ ಹಾಕಿಕೊಂಡ. ನಿಧಾನವಾಗಿ ಹೋಗಿ ಆ ಲಕೋಟೆಯನ್ನು ಗೆಣಸಿನ ಪೆಟ್ಟಿಗೆಯ ಮೇಲೆ ಇಟ್ಟು, ಗಾಳಿಗೆ ಹಾರದಿರಲಿ ಎಂದು ಅದರ ಮೇಲೊಂದು ಗೆಣಸು ಹೇರಿದ. ಉಳಿದವರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಗಾಡಿಗಳು ಚಾಲೂ ಆದವು. ನನ್ನ ಮೇಜಿನ ಮೇಲೆ ಸೊಪ್ಪಿನ ಹಬೆ ಏಳುತ್ತಲೇ ಇತ್ತು.

“ಅತ್ತೆ, ಕಮ್ಮಿ ಆಯ್ತಾ?” ಎಂದಳು ಟಮೇರಾ.

ನನ್ನ ಕೈ ಎದ್ದಿತ್ತು. ಹೊಡೆಯಲಿಲ್ಲ, ಹೊಡೆಯಬೇಕಾದವನು ಅಲ್ಲಿರಲಿಲ್ಲ. ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಎತ್ತಿ ಇಟ್ಟ ರಭಸಕ್ಕೆ ಎರಡು ಒಡೆದವು.

ಮಂಗಳವಾರ ಯಾರೂ ಬರಲಿಲ್ಲ. ನಾವಿಬ್ಬರೇ ಗುದ್ದಲಿ ಹಿಡಿದು ಇಳಿದೆವು, ಟ್ರ್ಯಾಕ್ಟರ್ ಕ್ಲೀಟಸನದಲ್ಲವೇ, ಅದೂ ಹೋಗಿತ್ತು. ಮಧ್ಯಾಹ್ನದವರೆಗೆ ಎರಡು ಸಾಲೂ ಮುಗಿಯಲಿಲ್ಲ. ಆಗ ರೇಡಿಯೋ ಹೇಳಿತು: ಬುಧವಾರ ರಾತ್ರಿ ಗಟ್ಟಿ ಹಿಮ. ಬಳ್ಳಿ ಮುಚ್ಚಿದ ಹೊಲದಲ್ಲಾದರೆ ಮೊದಲು ಬಳ್ಳಿ ಕಪ್ಪಾಗಿ, ಆಮೇಲೆ ನಿಧಾನವಾಗಿ ಕೊಳೆ ಬೇರಿಗೆ ಇಳಿಯುತ್ತದೆ. ನಾವು ಬಳ್ಳಿ ಕುಯ್ದೇ ಬಿಟ್ಟಿದ್ದೆವು, ಮಣ್ಣಿನ ದಿಂಡು ಬಿರಿದು ಗೆಣಸಿನ ನೆತ್ತಿ ಕಾಣುತ್ತಿತ್ತು. ಒಂದು ರಾತ್ರಿ ಸಾಕು, ಉಳಿದ ಅರ್ಧ ಬೆಳೆ ಹಂದಿಗೆ. ಅರ್ಧ ಬೆಳೆ ಶಾಲೆಯವರಿಗೆ ಬೇಡ, ಒಪ್ಪಿದಷ್ಟು ಪೂರ್ತಿ ಕೊಡಬೇಕು.

ಟಮೇರಾ ಗ್ರೇಡನ್‌ಗೆ ಫೋನ್ ಮಾಡಿದಳು. ನಾನೂ ಕೇಳಲೆಂದು ಜೋರಾಗಿಟ್ಟಳು.

“ಜನ ಬಿಟ್ಟು ಹೋದರಾ? ನೋಡಿದಿರಾ, ನಾನು ಹೇಳಿದ್ದು ಇದನ್ನೇ. ಅಂಥವರನ್ನು ನಂಬೋಕಾಗಲ್ಲ. ಪಕ್ಕದ ಜಿಲ್ಲೆಯಲ್ಲಿ ಕೂಲಿ ಗುತ್ತಿಗೆದಾರರಿದ್ದಾರೆ, ನಂಬರ್ ಕೊಡ್ತೀನಿ.”

ನಾನು ಫೋನ್ ಕಿತ್ತುಕೊಂಡೆ. “ಮಗಾ, ಅಂಥವರು ಅಂದ್ಯಲ್ಲ, ಯಾರು ಆ ಅಂಥವರು?”

“ಮಿಸ್ ವರ್ಡೆಲ್, ನಾನು ತಪ್ಪಾಗಿ ಹೇಳಲಿಲ್ಲ...”

“ನೀನು ತಪ್ಪಾಗಿ ಹೇಳಲ್ಲಪ್ಪ. ನೀನು ಸರಿಯಾಗೇ ಹೇಳ್ತೀಯ, ಅದೇ ರೋಗ.” ಕಟ್ ಮಾಡಿದೆ. ಗುತ್ತಿಗೆದಾರನಿಗೂ ಕೇಳಿ ನೋಡಿದೆವು. ಹಿಮದ ಸುದ್ದಿ ಅವನಿಗೂ ತಿಳಿದಿತ್ತು. ಮುಂದಿನ ವಾರ ಬರುತ್ತೇನೆ ಎಂದ.

ಸಂಜೆ ಟಮೇರಾಳನ್ನು ಕೂರಿಸಿಕೊಂಡು ಕ್ಲೀಟಸನ ಮನೆಗೆ ಹೋದೆ. ಬಾಗಿಲಿಗೆ ಬಂದದ್ದು ಅವನ ಹೆಂಡತಿ ಪರ್ಲೀನ್. ನಾನೂ ಅವಳೂ ಒಂದೇ ವರ್ಷ ದೀಕ್ಷಾಸ್ನಾನ ಪಡೆದವರು, ಒಂದೇ ಬೆಂಚಿನಲ್ಲಿ ಹಾಡಿ ಮುದುಕಿಯರಾದವರು. ಅವಳು ಒಳಗೆ ಬಾ ಎನ್ನಲಿಲ್ಲ. ಜಾಲರಿ ಬಾಗಿಲ ಆಚೆಯೇ ನಿಂತು ಮಾತಾಡಿದಳು.

“ಏನು, ಬಾಕಿ ಇತ್ತಾ? ಚುಕ್ತಾ ಮಾಡೋಕೆ ಬಂದ್ರಾ?”

“ಪರ್ಲೀನ್, ಹುಡುಗಿಗೆ ತಿಳೀಲಿಲ್ಲ.”

“ತಿಳೀದಿದ್ರೆ ತಿಳಿಸೋ ಬಾಯಿ ಮನೇಲಿತ್ತಲ್ಲ! ಬೇರೆಲ್ಲದಕ್ಕೂ ಇರುತ್ತಲ್ಲ ಆ ಬಾಯಿ!” ಅವಳು ಟಮೇರಾ ಕಡೆ ತಿರುಗಿದಳು. “ಕೇಳೇ ಹುಡುಗಿ. ನನ್ನ ಮಾವ, ಇವರಪ್ಪ, ಮೂವತ್ತು ವರ್ಷ ಬಿಳಿಯರ ಹೊಲದಲ್ಲಿ ಕೂಲಿ ಮಾಡಿದ. ಶನಿವಾರ ಸಂಜೆ ಧಣಿ ಕುದುರೆ ಮೇಲೆ ಬರೋನು, ಲಕೋಟೇನ ಕೈಗೆ ಕೊಡ್ತಿರಲಿಲ್ಲ, ಮಣ್ಣಿಗೆ ಬಿಸಾಕೋನು. ‘ಬಗ್ಗು, ಎತ್ಕೊ’ ಅನ್ನೋನು. ನನ್ನ ಗಂಡ ಪುಟ್ಟ ಹುಡುಗ, ಪಕ್ಕದಲ್ಲಿ ನಿಂತು ನೋಡ್ತಿದ್ದ. ನಿಮ್ಮಜ್ಜ, ಇವರಪ್ಪ, ಇನ್ನೂ ಮೂರು ಮನೆಯವರು ಈ ದಿಬ್ಬ ಕೊಂಡ ದಿನ ಚರ್ಚಿನ ಅಂಗಳದಲ್ಲಿ ಕೈ ಹಿಡಿದು ಒಂದು ಮಾತು ಆಡಿದ್ರು. ಇಲ್ಲಿ ಯಾರೂ ಯಾರಿಗೂ ಧಣಿಯಲ್ಲ, ಯಾರೂ ಯಾರ ಕೂಲಿಯಲ್ಲ ಅಂತ. ಅದನ್ನ ನೀನು ನಿನ್ನೆ ಸಂಜೆ ಹತ್ತು ಜನರೆದುರು ಅಳಿಸಿ ಹಾಕ್ದೆ. ಇನ್ನೂ ಕೇಳು. ಹಿಮ ಬರೋದು ನಿನ್ನ ಗೆಣಸಿಗೆ ಮಾತ್ರ ಅಲ್ಲ. ನಮ್ಮ ಕಬ್ಬು ಇನ್ನೂ ನಿಂತೇ ಇದೆ. ನಿನ್ನೆ ಅದನ್ನ ಕಡೀಬೇಕಿತ್ತು. ಇವರು ಏನಂದ್ರು ಗೊತ್ತಾ? ‘ಹುಡುಗಿದು ಮೊದಲ ಬೆಳೆ, ಮೊದ್ಲು ಅದು’ ಅಂದ್ರು.”

ಟಮೇರಾ ಮೆಟ್ಟಿಲ ಮೇಲೆ ಕುಸಿದು ಕೂತಳು. ಒಳಗಿಂದ ಕ್ಲೀಟಸನ ದನಿ ಬಂತು. “ಸಾಕು ಬಿಡೆ ಪರ್ಲೀನ್.” ಆದರೆ ಅವನು ಹೊರಗೆ ಬರಲಿಲ್ಲ.

ಬುಧವಾರ ಬೆಳಗಿನ ಜಾವ ನಾನು ಗುದ್ದಲಿ ಎತ್ತಿಕೊಂಡು ಹೊರಟರೆ ಟಮೇರಾ ಗಾಡಿಯ ಬಾಗಿಲು ತೆಗೆಯುತ್ತಿದ್ದಳು. ಕೈಯಲ್ಲಿ ಕಬ್ಬು ಕಡಿಯುವ ಕತ್ತಿ.

“ಎಲ್ಲಿಗೆ?”

“ಮಾಮನ ಕಬ್ಬಿಗೆ.”

“ಹುಚ್ಚು ಹಿಡೀತಾ ನಿಂಗೆ? ಇವತ್ತು ಒಂದೇ ದಿನ ಇರೋದು! ಇಬ್ಬರೂ ಸೇರಿ ಸಾಯೋ ಹಾಗೆ ಅಗೆದ್ರೆ ನಾಲ್ಕು ಸಾಲಾದ್ರೂ ಉಳಿಯತ್ತೆ. ಕ್ಷಮೆ ನಾಳೆ ಕೇಳು, ನಾಡಿದ್ದು ಕೇಳು, ಚರ್ಚಿನಲ್ಲಿ ಮೊಣಕಾಲೂರಿ ಕೇಳು!”

“ಕ್ಷಮೆ ಕೇಳೋಕೆ ಹೋಗ್ತಿಲ್ಲ ಅತ್ತೆ. ನನ್ನ ಮುಯ್ಯಾಳು ಬಾಕಿ ಇದೆ.”

“ಬೆಳೆ ಹೋಗುತ್ತೆ ಕಣೆ! ಮತ್ತೆ ಕೋಳಿ ಕಾರ್ಖಾನೆ!”

“ಗೊತ್ತು,” ಎಂದಳು. ಬೆರಳುಗಳನ್ನು ಒಮ್ಮೆ ಬಿಡಿಸಿ ಮಡಚಿ ಸ್ಟೀರಿಂಗ್ ಹಿಡಿದಳು. ಗಾಡಿ ಹೋಯಿತು.

ನಾನು ಬೈದೆ. ಒಬ್ಬಳೇ ಅಗೆಯುತ್ತ ಬೈದೆ. ಗ್ರೇಡನ್‌ನನ್ನು ಬೈದೆ, ಅವನಿಗೆ ಪಾಠ ಹೇಳಿಕೊಟ್ಟವರನ್ನು ಬೈದೆ, ಕುದುರೆಯ ಮೇಲೆ ಬಂದು ಲಕೋಟೆ ಬಿಸಾಕುತ್ತಿದ್ದ ಆ ಸತ್ತವನನ್ನು ಗೋರಿಯಿಂದ ಎಬ್ಬಿಸಿ ಬೈದೆ. ಬಿಗುಮಾನದ ಕ್ಲೀಟಸನನ್ನೂ ಬಿಡಲಿಲ್ಲ. ಆಕಾಶ ಗಾಜಿನಂತೆ ತಿಳಿಯಾಗಿತ್ತು, ಹಿಮ ಬೀಳುವ ದಿನದ ಆಕಾಶ. ಗಾಳಿ ಉತ್ತರಕ್ಕೆ ತಿರುಗಿತು. ಸೊಂಟ ನೆಟ್ಟಗಾಗುವುದನ್ನೇ ಮರೆಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಮುಗಿಸಿ, ಉಳಿದದ್ದನ್ನು ನೋಡಿ, ಮಣ್ಣಿನಲ್ಲೇ ಕೂತು ಅತ್ತುಬಿಟ್ಟೆ. ಕೋಪಕ್ಕೆ ಬರುವ ಅಳು ಬಹಳ ಕೆಟ್ಟದ್ದು, ಮೂಗು ಮಾತ್ರ ಸುರಿಯುತ್ತದೆ, ಎದೆ ಹಗುರಾಗುವುದಿಲ್ಲ.

ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು.

ಕ್ಲೀಟಸ್ ಮುಂದೆ. ಅವನ ಹಿಂದೆ ಟಮೇರಾಳ ಗಾಡಿ, ಅದರಲ್ಲಿ ಪರ್ಲೀನ್. ಅದರ ಹಿಂದೆ ಸೋಮವಾರ ಬಂದಿದ್ದ ಎಲ್ಲ ಗಾಡಿಗಳು. ಕ್ಲೀಟಸ್ ನನ್ನ ಮುಖವನ್ನು ನೋಡಲಿಲ್ಲ. ಸಾಲಿನ ತಲೆಗೆ ಟ್ರ್ಯಾಕ್ಟರ್ ತಿರುಗಿಸುತ್ತ ಗದರಿದ.

“ವರ್ಡೆಲ್, ಏಳೇ ಮೇಲಕ್ಕೆ, ಗೆಣಸಿನ ಮೇಲೆ ಕೂತಿದೀಯ!”

“ಕ್ಲೀಟಸಣ್ಣ, ನಿನ್ನ ಕಬ್ಬು?”

“ಹುಡುಗಿ ಬೆಳಿಗ್ಗೆಯಿಂದ ಕಡಿದ್ಲು. ಬಾಯಿ ಬಿಡಲಿಲ್ಲ, ನೀರು ಕುಡೀಲಿಲ್ಲ. ಕೈಯಿಂದ ಕತ್ತಿ ಬಿಡಿಸೋಕೆ ಪರ್ಲೀನ್ ಬೆರಳು ಬೆರಳು ಎತ್ತಬೇಕಾಯ್ತು.” ಅವನ ದನಿ ಒರಟಾಯಿತು. “ಅವಳು ತನ್ನ ಬೆಳೆ ಸಾಯೋಕೆ ಬಿಟ್ಟು ಬಂದವಳು. ನಾನು ನನ್ನ ಕಬ್ಬಿನ ಮಧ್ಯ ನಿಂತು ಅದನ್ನ ನೋಡ್ತಾ ಇರಬೇಕಿತ್ತಾ?”

“ಕಬ್ಬು ಮುಗೀತಾ ಅಂತ ಕೇಳ್ದೆ.”

“ಕಾಲು ಭಾಗ,” ಎಂದ. ಟ್ರ್ಯಾಕ್ಟರ್ ಗೇರಿಗೆ ಹಾಕಿದ.

ಆ ಮಧ್ಯಾಹ್ನ ಯಾರೂ ಹಾಡಲಿಲ್ಲ, ಯಾರೂ ಯಾರ ಕಾಲೂ ಎಳೆಯಲಿಲ್ಲ. ಓಡಾಡುವ ಕಾಲಿನ ಸದ್ದು, ಪೆಟ್ಟಿಗೆಯ ಸದ್ದು, ಉಸಿರು. ಪರ್ಲೀನ್ ನನ್ನ ಪಕ್ಕದ ಸಾಲಿನಲ್ಲೇ ಇದ್ದಳು, ನನ್ನ ಪೆಟ್ಟಿಗೆ ತುಂಬಿದಾಗ ಖಾಲಿ ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಕೊನೆಯ ಗೆಣಸು ಶೆಡ್ಡಿನೊಳಗೆ ಹೋದಾಗ ಸೂರ್ಯ ಪೈನ್ ಮರಗಳ ಹಿಂದೆ ಇಳಿದಿದ್ದ. ಎಲ್ಲರೂ ನಿಂತಲ್ಲೇ ನಿಂತು ನನ್ನ ಸೊಪ್ಪು ರೊಟ್ಟಿ ತಿಂದರು, ತುತ್ತು ಗಂಟಲಲ್ಲಿ ಇಳಿಯುವ ಮೊದಲೇ ಕ್ಲೀಟಸನ ಹೊಲಕ್ಕೆ ಓಡಿದರು. ಕತ್ತಲು ಕಾಯಲಿಲ್ಲ. ಕಡಿದದ್ದು ಸ್ವಲ್ಪ, ನಿಂತದ್ದು ಬಹಳ.

ರೇಡಿಯೋ ಹೇಳಿದ ಹಾಗೆಯೇ ಹಿಮ ಬಂತು. ಬೆಳಿಗ್ಗೆ ನಾಯಿ ಕುಡಿಯುವ ನೀರು ಕಲ್ಲಾಗಿತ್ತು. ಅದರ ಮೇಲೆ ಎರಡು ದಿನ ಬಿಸಿಲು ಕಾಯಿತು. ಹಿಮ ಹೊಡೆದ ಕಬ್ಬಿಗೆ ಬಿಸಿಲು ಬಿದ್ದರೆ ಮುಗಿಯಿತು, ರಸ ಹುಳಿಯುತ್ತದೆ. ಕ್ಲೀಟಸನ ಜೋನಿಬೆಲ್ಲ ಎಂದರೆ ಮೂರು ಜಿಲ್ಲೆಯವರು ಡಬ್ಬಿ ಹಿಡಿದು ಬರುತ್ತಿದ್ದರು. ಈ ವರ್ಷ ಗಾಣ ಅರ್ಧ ದಿನವೂ ತಿರುಗಲಿಲ್ಲ.

ಟಮೇರಾಳ ಗೆಣಸು ಶಾಲೆಗಳಿಗೆ ಹೋಯಿತು. ಪೂರ್ತಿ. ಜನವರಿಯಲ್ಲಿ ಅವಳು ಕಾರ್ಖಾನೆಗೆ ಹೋಗಬೇಕಾಗಿಲ್ಲ. ನಾನು ಸಂತೋಷಪಡಬೇಕು, ಪಡುತ್ತೇನೆ ಕೂಡ. ಆದರೆ ಕ್ಲೀಟಸನ ಹೊಲದ ಕಡೆಯಿಂದ ಗಾಳಿ ಬೀಸಿದಾಗ ಆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಹಲ್ಲು ತಾನಾಗಿ ಕಡಿಯುತ್ತದೆ.

ಗೆಣಸು ಇನ್ನೂ ಶೆಡ್ಡಿನಲ್ಲೇ ಇದ್ದಾಗ, ಅಂಥ ಒಂದು ಮಧ್ಯಾಹ್ನ ಗ್ರೇಡನ್ ಬಂದ. ತುಂಬಿದ ಶೆಡ್ಡಿನ ಮುಂದೆ ಟಮೇರಾಳನ್ನು ನಿಲ್ಲಿಸಿ ಫೋಟೋ ತೆಗೆದ. ಮುಂದಿನ ವರ್ಷದ ತರಬೇತಿಯವರಿಗೆ ತೋರಿಸಲಂತೆ.

“ಅದ್ಭುತ! ಕೊನೆಗೆ ಆಳುಗಳಿಗೆ ಹೇಗೆ ವ್ಯವಸ್ಥೆ ಮಾಡಿಕೊಂಡಿರಿ?”

“ಅವರೇ ಬಂದ್ರು,” ಎಂದಳು ಟಮೇರಾ.

“ಕೂಲಿ ತಗೊಳ್ಳದೆ? ಹಾಗಾದ್ರೆ ಆಳಿನ ಖರ್ಚು ಏನೂ ಇಲ್ಲ ಅಂತ ಹೇಳಬಹುದು.”

ಏನೂ ಇಲ್ಲ! ನನ್ನ ನೆತ್ತಿಗೆ ಏರಿತು. ಅವನ ರಟ್ಟೆ ಹಿಡಿದೆ, ಬಿಡಲಿಲ್ಲ. “ಬಾ ಮಗಾ, ಖರ್ಚು ತೋರಿಸ್ತೀನಿ,” ಎಂದು ಬೇಲಿ ದಾಟಿಸಿ ಎಳೆದುಕೊಂಡು ಹೋದೆ. ಮಿಸ್ ವರ್ಡೆಲ್, ಮಿಸ್ ವರ್ಡೆಲ್ ಎನ್ನುತ್ತ ಅವನು ಎಡವುತ್ತ ಬಂದ. ಕಂದುಗಟ್ಟಿ ಬಾಗಿದ ಕಬ್ಬಿನ ನಡುವೆ ನಿಲ್ಲಿಸಿದೆ. ಜೇನುಹುಳುಗಳು ಒಡೆದ ಜಲ್ಲೆಗಳಿಗೆ ಮುತ್ತಿದ್ದವು. ಕ್ಲೀಟಸ್ ಹಂದಿಗೆ ಹಾಕಲು ಸತ್ತ ಕಬ್ಬನ್ನು ಕಡಿಯುತ್ತಿದ್ದ.

“ನೋಡು. ಇದನ್ನ ಕಡಿಯೋ ಹೊತ್ತಿನಲ್ಲಿ ಈ ಮನುಷ್ಯ ನಿನ್ನ ಶಿಷ್ಯೆಯ ಗೆಣಸು ಎತ್ತುತ್ತಿದ್ದ. ಕಟ್ಟು ಬೆಲೆ. ಕಟ್ಟೋ!”

ಗ್ರೇಡನ್‌ನ ಮುಖ ಕೆಂಪಗಾಯಿತು. ನಾಚಿಕೆ ಅವನಿಗೂ ಇದೆ, ನಾನು ಇಲ್ಲ ಎನ್ನುವುದಿಲ್ಲ. ಆಮೇಲೆ ಮೆತ್ತಗೆ, ನಿಜವಾಗಿಯೂ ಮರುಗಿ, “ಸರ್, ಇಂಥ ನಷ್ಟ ಮತ್ತೆ ಆಗದ ಹಾಗೆ ನೋಡಿಕೊಳ್ಳಬಹುದು. ಮುಂದಿನ ತರಬೇತಿಗೆ ನೀವೂ ಬನ್ನಿ, ನಿಮಗೊಂದು ಜಾಗ ಇಡ್ತೀನಿ,” ಎಂದ.

ನಾನು ಬಾಯಿ ತೆರೆದೆ. ಕ್ಲೀಟಸ್ ಕೈ ಎತ್ತಿ ನನ್ನನ್ನು ತಡೆದ.

“ಬರ್ತೀನಿ ತಮ್ಮಾ,” ಎಂದ. “ಯಾಕೆ ಬರಬಾರದು, ಕಲಿಯೋಕೆ ವಯಸ್ಸೇನು. ಆದ್ರೆ ನಾನು ಸುಮ್ನೆ ತಗೊಳ್ಳೋನಲ್ಲ. ನಾನು ಒಂದು ದಿನ ನಿನ್ನ ಬೆಂಚಿನಲ್ಲಿ ಕೂರ್ತೀನಿ, ನೀನು ಒಂದು ದಿನ ನನ್ನ ಜೊತೆ ಈ ಕಬ್ಬು ಕಡಿ. ಹೊಲ ಬೇಗ ಖಾಲಿ ಆಗಬೇಕು ನಂಗೆ. ಸೋಮವಾರ ಆಗುತ್ತಾ?”

“ಖಂಡಿತ ಸರ್! ಸೋಮವಾರ!” ಎಂದು ಗ್ರೇಡನ್ ಕ್ಲೀಟಸನ ಕೈ ಕುಲುಕಿದ. ಎರಡೂ ಕೈಯಿಂದ ಕುಲುಕಿದ. ಕಾರು ಹತ್ತಿ ಹೋದ.

ಟಮೇರಾ ಬೇಲಿಯ ಹತ್ತಿರ ನಿಂತಿದ್ದಳು. “ಬರಲ್ಲ ಮಾಮ,” ಎಂದಳು. “ಅವರು ಮಾತಿಗೆ ಹಾಗಂತಾರೆ.”

“ಕೈ ಕೊಟ್ಟಿದಾನಲ್ಲಮ್ಮ,” ಎಂದ ಕ್ಲೀಟಸ್.

ಸೋಮವಾರ ಬೆಳಿಗ್ಗೆ ಟಮೇರಾ ಮತ್ತು ನಾನು ಹೋದಾಗ ಕ್ಲೀಟಸ್ ಇನ್ನೂ ಶುರುಮಾಡಿರಲಿಲ್ಲ. ಒಗೆದ ಅಂಗಿ ತೊಟ್ಟು ಬೇಲಿಯ ಕಂಬಕ್ಕೆ ಒರಗಿ ರಸ್ತೆ ನೋಡುತ್ತಿದ್ದ. ಪರ್ಲೀನ್ ಮಾಡಿಟ್ಟ ಕಾಫಿ ಪಕ್ಕದಲ್ಲಿ ಆರುತ್ತಿತ್ತು. ಬೇಗ ಶುರುಮಾಡೋಣ ಎಂದೆ, ಕೇಳಲಿಲ್ಲ. ಆ ಹುಡುಗ ಬಂದು ನೋಡಿದಾಗ ನಾವು ಕಾಯದೆ ಶುರುಮಾಡಿರುವುದು ಕಂಡರೆ ಬೇಜಾರು ಮಾಡಿಕೊಂಡಾನು, ಅಷ್ಟು ದೂರದಿಂದ ಬರಬೇಕಲ್ಲ ಪಾಪ, ಎಂದ. ಬಿಸಿಲು ನೆತ್ತಿಗೆ ಬರುವವರೆಗೂ ಹಾಗೆಯೇ ನಿಂತಿದ್ದ.

ಗ್ರೇಡನ್ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಪ್ಪತ್ತು ದಾಟಿದ ಈ ಮುದುಕನಿಗೆ, ಅಪ್ಪನ ಲಕೋಟೆ ಮಣ್ಣಿಗೆ ಬೀಳುವುದನ್ನು ಕಂಡವನಿಗೆ, ಅದು ಇನ್ನೂ ಗೊತ್ತಿಲ್ಲವಲ್ಲ! ನನ್ನ ಎದೆಯಲ್ಲಿ ಬೆಂಕಿ ಉರಿಯುತ್ತಿರುವುದು ಅದಕ್ಕೆ. ಬೇಲಿಗೆ ಒರಗಿಸಿದ್ದ ಕತ್ತಿಗಳು ಎರಡು. ಆ ಹುಡುಗನ ಕೈ ನುಣುಪು, ಬೊಬ್ಬೆ ಏಳಬಾರದು ಎಂದು ಅವುಗಳಲ್ಲೊಂದರ ಹಿಡಿಗೆ ಕ್ಲೀಟಸ್ ಹಳೆಯ ಬಟ್ಟೆ ಸುತ್ತಿದ್ದ.